ಗ್ಲಿಸರಿನ್ ಎಷ್ಟು ಹಾಕಬೇಕು, ಯಾವ ತಿಂಗಳಿಗೆ?

ಕಳೆದ ವರ್ಷ ಜನವರಿಯಲ್ಲಿ ಒಂದು ದಿನ ನನ್ನ ತಮ್ಮ, ಮುರಿದ ಗೇರು ಗಿಡವೊಂದನ್ನು ತಂದು ಜಗಲಿಯಲ್ಲಿ ಇಟ್ಟ. ಎರಡು ವರ್ಷದ ಕಸಿ ಗಿಡ, ಅವನ ನರ್ಸರಿಯಿಂದಲೇ ಹೋದದ್ದು. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಹಾಗೇ ಇತ್ತು. ಕಾಂಡ ದಪ್ಪಗಾದ ಹಾಗೆ ಪಟ್ಟಿ ತೊಗಟೆಯ ಒಳಗೆ ಹೂತುಹೋಗಿತ್ತು. ಅದರ ಮೇಲೆ ಕಾಂಡ ಊದಿಕೊಂಡಿತ್ತು, ಪಟ್ಟಿ ಇದ್ದಲ್ಲಿ ಸಪೂರ. ಗಾಳಿಗೆ ಸರಿಯಾಗಿ ಅಲ್ಲಿಯೇ ಮುರಿದಿತ್ತು. ನಾನು ಉಗುರಿನಿಂದ ಪಟ್ಟಿಯ ತುದಿ ಎಬ್ಬಿಸಲು ನೋಡಿದೆ. ಬರಲಿಲ್ಲ. ಮರ ಅದನ್ನು ನುಂಗಿಬಿಟ್ಟಿತ್ತು.

"ಮೂರು ತಿಂಗಳಿಗೆ ಬಿಚ್ಚಿ ಅಂತ ಹೇಳಿಯೇ ಕೊಡುವುದಕ್ಕ. ಯಾರಿಗೂ ನೆನಪಿರುವುದಿಲ್ಲ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನೀನು ಕೆಮಿಸ್ಟ್ರಿ ಓದಿದವಳಲ್ವಾ? ಅದರಷ್ಟಕ್ಕೇ ಉದುರಿ ಹೋಗುವ ಪಟ್ಟಿ ಮಾಡ್ಲಿಕ್ಕೆ ಆಗುವುದಿಲ್ವಾ?" ಎಂದ.

ನೋಡುವ ಎಂದೆ. ಆಮೇಲೆ ಒಂದು ವರ್ಷ ನನ್ನ ರಜೆಯೆಲ್ಲ ಹೋದದ್ದು ಆ ಪಟ್ಟಿಗೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ತಮ್ಮನಿಗೆ ಅಡಿಕೆ ತೋಟ, ಅದರ ಕೆಳಗೆ ಸಣ್ಣ ನರ್ಸರಿ. ಕಸಿ ಕಟ್ಟುವುದನ್ನು ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಗೇರಿನಲ್ಲಿ ಸುಮಾರು ಎರಡು ತಿಂಗಳ ಸಸಿಯ ತಲೆ ಕತ್ತರಿಸಿ ಕಾಂಡವನ್ನು ನಡುವೆ ಸೀಳುತ್ತಾರೆ. ಒಳ್ಳೆ ಜಾತಿಯ ಮರದಿಂದ ತಂದ ಕಡ್ಡಿಯ ಬುಡವನ್ನು ಆಪಿನ ಹಾಗೆ ಕೆತ್ತಿ ಆ ಸೀಳಿಗೆ ಇಳಿಸುತ್ತಾರೆ. ಮತ್ತೆ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಎಳೆದು ಎಳೆದು ಸುತ್ತಿ ಕಟ್ಟುತ್ತಾರೆ. ಪಟ್ಟಿ ಹಿಗ್ಗಬೇಕು, ಹರಿಯಬಾರದು. ಒಳಗಿನ ಪಸೆ ಆರಬಾರದು. ಗಾಯ ಕೂಡಿದ ಮೇಲೆ ಬಿಟ್ಟುಕೊಡಬೇಕು. ಮೊದಲ ಮೂರನ್ನು ಪ್ಲಾಸ್ಟಿಕ್ ಚೆನ್ನಾಗಿ ಮಾಡುತ್ತದೆ. ನಾಲ್ಕನೆಯದು ಅದಕ್ಕೆ ಗೊತ್ತಿಲ್ಲ.

ನಾನು ಶುರು ಮಾಡಿದ್ದು ಮರಗೆಣಸಿನಿಂದ, ಹಿತ್ತಿಲಲ್ಲೇ ಇತ್ತು. ತುರಿದು, ಬಟ್ಟೆಯಲ್ಲಿ ಹಿಂಡಿ, ತಳದಲ್ಲಿ ನಿಂತ ಬಿಳಿ ಹಿಟ್ಟನ್ನು, ಅಂದರೆ ಪಿಷ್ಟವನ್ನು, ಒಣಗಿಸಿದೆ. 5 ಗ್ರಾಂ ಹುಡಿ, 100 ಮಿ.ಲೀ. ನೀರು. ಸಣ್ಣ ಉರಿಯಲ್ಲಿ ಮಗುಚುತ್ತಾ ಇದ್ದರೆ 65–70 ಡಿಗ್ರಿ ಹತ್ತಿರ ಹಾಲಿನ ಬಣ್ಣ ಹೋಗಿ ಗಂಜಿ ತಿಳಿಯಾಗುತ್ತದೆ, ಸೌಟು ಭಾರವಾಗುತ್ತದೆ. ಕೂವೆ ಹುಡಿಯ ಮಣ್ಣಿ ಮಾಡಿದವರಿಗೆ ಆ ಕ್ಷಣ ಗೊತ್ತು. ಮಣ್ಣಿ ಕೂಡ ಹೈಡ್ರೋಜೆಲ್ ಜಾತಿಯದೇ: ಅಣುಗಳ ಉದ್ದ ಉದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಒಳಗೆ ಹಿಡಿದಿಟ್ಟ ಬಲೆ. ಅದನ್ನು ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆ. ನಾನು 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಟ್ರೇಗೆ ಹೊಯ್ದು ಫ್ಯಾನಿನ ಕೆಳಗೆ ಇಟ್ಟೆ.

ಎರಡನೇ ರಾತ್ರಿ ಕೋಣೆಯಿಂದ ಟಕ್ ಟಕ್ ಎಂದು ಸದ್ದು. ಹೋಗಿ ನೋಡಿದರೆ ಹಾಳೆ ತನ್ನಷ್ಟಕ್ಕೆ ಬಿರಿಯುತ್ತಿತ್ತು. ಅಂಚು ಸುರುಳಿ ಸುತ್ತಿ ಮೇಲೆ ಎದ್ದಿತ್ತು. ಮುಟ್ಟಿದರೆ ಕನ್ನಡಿ ಚೂರಿನ ಹಾಗೆ ಒಡೆಯುತ್ತಿತ್ತು. ಬಗ್ಗದ್ದನ್ನು ಗಿಡಕ್ಕೆ ಸುತ್ತುವುದು ಹೇಗೆ?

ಇಲ್ಲಿಗೆ ಪ್ಲಾಸ್ಟಿಸೈಜರ್ ಬೇಕು, ಅಂದರೆ ಗಡುಸಾದದ್ದನ್ನು ಬಗ್ಗುವ ಹಾಗೆ ಮಾಡಲು ಬೆರೆಸುವ ವಸ್ತು. ಮಕ್ಕಳಿಗೆ ಇದನ್ನು ಹೇಳುವಾಗ ನಾನು ತೋಟದ್ದೇ ಎರಡು ವಸ್ತು ತೋರಿಸುತ್ತೇನೆ. ನೀರು ಹಾಯಿಸುವ ಗಟ್ಟಿ ಪಿವಿಸಿ ಪೈಪು, ಮತ್ತು ಸುರುಳಿ ಸುತ್ತಿ ಇಡುವ ಮೆತ್ತನೆ ಹೋಸ್ ಪೈಪು. ಎರಡೂ ಪಿವಿಸಿ! ಹೋಸಿಗೆ ಮೆತ್ತಗೆ ಮಾಡುವ ಎಣ್ಣೆಯಂಥ ವಸ್ತು ಬೆರೆಸಿದ್ದಾರೆ, ಗಟ್ಟಿ ಪೈಪಿಗೆ ಬೆರೆಸಿಲ್ಲ, ಅಷ್ಟೇ. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಹೋಸು ಗಟ್ಟಿಯಾಗಿ ಒಡೆಯುವುದಕ್ಕೆ ಆ ವಸ್ತು ಮೆಲ್ಲ ಮೆಲ್ಲ ಹೊರಗೆ ಹೋಗುವುದೂ ಒಂದು ಕಾರಣ. ಈ ಉಪಾಯ ಹಳೆಯದು. 1870ರಲ್ಲಿ ಅಮೆರಿಕದ ಹಯಾಟ್ ಸಹೋದರರು ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್ ಮಾಡುವಾಗ ನೈಟ್ರೋಸೆಲ್ಯುಲೋಸನ್ನು ಮೆತ್ತಗೆ ಮಾಡಲು ಬೆರೆಸಿದ್ದು ಕರ್ಪೂರ. ಆರತಿಗೆ ಹಚ್ಚುವ ಅದೇ ಕರ್ಪೂರ. ಇದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಗಿತ್ತು ಎಂದರೆ ತರಗತಿಗೆ ಒಂದು ತುಂಡು ತೆಗೆದುಕೊಂಡು ಹೋಗಿದ್ದೆ.

ಪಿಷ್ಟದ ಹಾಳೆಗೆ ಕರ್ಪೂರ ಆಗುವುದಿಲ್ಲ, ನೀರಿನೊಡನೆ ಬೆರೆಯುವುದೇ ಬೇಕು. ಗ್ಲಿಸರಿನ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ತುಟಿ ಒಡೆದರೆ ಹಚ್ಚುತ್ತೇವಲ್ಲ, ಅದೇ. ಪಿಷ್ಟದ ಸರಪಳಿಯ ತುಂಬ ಹೈಡ್ರಾಕ್ಸಿಲ್ ಗುಂಪುಗಳು, ನಾನು ಅವಕ್ಕೆ ಕೈಗಳು ಎನ್ನುತ್ತೇನೆ. ನೀರು ಆರಿದ ಮೇಲೆ ಪಕ್ಕದ ಸರಪಳಿಗಳು ಈ ಕೈಗಳಿಂದ ಒಂದನ್ನೊಂದು ಗಟ್ಟಿ ಹಿಡಿದುಕೊಳ್ಳುತ್ತವೆ. ಯಾರೂ ಅಲ್ಲಾಡುವ ಹಾಗಿಲ್ಲ. ಗ್ಲಿಸರಿನ್ ಚಿಕ್ಕ ಅಣು, ಅದಕ್ಕೂ ಮೂರು ಕೈ. ಅದು ನಡುವೆ ನುಗ್ಗಿ ಒಂದೊಂದು ಹಿಡಿತ ಬಿಡಿಸಿ ತಾನೇ ಹಿಡಿದುಕೊಳ್ಳುತ್ತದೆ. ಸರಪಳಿಗಳ ನಡುವೆ ಜಾಗ ಆಗುತ್ತದೆ, ಎಳೆದರೆ ಜಾರುತ್ತವೆ. ಪೂರಾ ಒಣಗಿದ ಪಿಷ್ಟ ಮೆತ್ತಗಾಗಬೇಕಾದರೆ 200 ಡಿಗ್ರಿ ದಾಟಬೇಕು, ಅಷ್ಟರಲ್ಲಿ ಕರಟಿ ಹೋಗುತ್ತದೆ. ಗ್ಲಿಸರಿನ್ ಮತ್ತು ನೀರು ಸೇರಿ ಆ ಉಷ್ಣತೆಯನ್ನು ಕೋಣೆಯ ಉಷ್ಣತೆಯ ಕೆಳಗೆ ಇಳಿಸುತ್ತವೆ. ಗಾಜಿನ ಹಾಗಿದ್ದದ್ದು ತೊಗಲಿನ ಹಾಗೆ ಆಗುವುದು ಹೀಗೆ.

ನನ್ನ ಮೊದಲ ಅಚ್ಚರಿ ಇಲ್ಲೇ ಕಾದಿತ್ತು. ಹುಡಿಯ ತೂಕದ ಶೇ. 5ರಷ್ಟು ಗ್ಲಿಸರಿನ್ ಹಾಕಿದ ಹಾಳೆ ಏನೂ ಹಾಕದ್ದಕ್ಕಿಂತ ಗಡುಸಾಗಿ ಬಂತು. ಅಳತೆ ತಪ್ಪಿತೋ ಎಂದು ಮತ್ತೊಮ್ಮೆ ಮಾಡಿದೆ. ಅದೇ. ಆಮೇಲೆ ಓದಿದಾಗ ತಿಳಿಯಿತು, ಇದು ಪಿಷ್ಟದ ಹಾಳೆಗಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಗ್ಲಿಸರಿನ್ ತೀರಾ ಕಡಿಮೆ ಇದ್ದಾಗ ಅದು ಸರಪಳಿಗಳನ್ನು ಬಿಡಿಸುವುದಿಲ್ಲ. ಇರುವ ಸಣ್ಣ ಸಂದುಗಳಲ್ಲಿ ಕೂತು, ಅಲ್ಲಿದ್ದ ನೀರನ್ನು ಹೊರಗೆ ಹಾಕಿ, ಅಲುಗಾಟವನ್ನು ಇನ್ನೂ ಕಡಿಮೆ ಮಾಡುತ್ತದೆ. ಸ್ವಲ್ಪ ಹಾಕಿದರೆ ಸ್ವಲ್ಪ ಮೆತ್ತಗೆ, ಜಾಸ್ತಿ ಹಾಕಿದರೆ ಜಾಸ್ತಿ ಮೆತ್ತಗೆ ಎಂಬ ನಮ್ಮ ಅಡುಗೆಮನೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಳೆಯಲು ಯಂತ್ರ ಎಲ್ಲಿಂದ ತರುವುದು? ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು, ಒಂದು ನೀರಿನ ಬಾಟಲಿ, ಒಂದು ಸ್ಕೇಲು. ಒಂದೂವರೆ ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಎರಡು ಕ್ಲಿಪ್ಪಿನ ನಡುವೆ 10 ಸೆಂ.ಮೀ. ಬರುವ ಹಾಗೆ ಕಿಟಕಿ ಸರಳಿಗೆ ನೇತು ಹಾಕಿ, ಬಾಟಲಿಗೆ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯುವುದು. ಶೇ. 20ರ ಪಟ್ಟಿ ಒಂದೂವರೆ ಲೀಟರ್ ಹೊತ್ತಿತು, ಆದರೆ ಒಂದು ಸೆಂ.ಮೀ. ಕೂಡ ಹಿಗ್ಗದೆ ಪಟ್ಟೆಂದು ಹರಿಯಿತು. ಶೇ. 30ರದ್ದು ಅರ್ಧ ಲೀಟರಿಗಿಂತ ತುಸು ಮೇಲೆ ಹೊತ್ತು 13 ಸೆಂ.ಮೀ.ವರೆಗೆ ಎಳೆಯಿತು. ಶೇ. 45ರದ್ದು ಕಾಲು ಲೀಟರಿಗೇ ಸೋತಿತು. ಹಿಗ್ಗಿದ್ದೇನೋ 15ರವರೆಗೆ, ಆದರೆ ಬೆರಳಿಗೆ ಅಂಟುತ್ತಿತ್ತು. ಗ್ಲಿಸರಿನ್ ಏರಿದ ಹಾಗೆ ಹಿಗ್ಗುವುದು ಹೆಚ್ಚಾಗುತ್ತದೆ, ಹೊರುವುದು ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲು ಆಗುವುದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಮುಖ್ಯವಾಗಿತ್ತು. ಸಣ್ಣ ಸ್ಟೀಲ್ ಲೋಟಗಳಿಗೆ ಸಮ ನೀರು ಹಾಕಿ, ಬಾಯಿಗೆ ಹಾಳೆ ಬಿಗಿದು, ಸುತ್ತ ಮೇಣ ಹಚ್ಚಿ, ದಿನಾ ತೂಕ ನೋಡಿದೆ. ಶೇ. 45ರ ಲೋಟ ಉಳಿದವಕ್ಕಿಂತ ಬೇಗ ಹಗುರವಾಯಿತು. ಸರಪಳಿಗಳ ನಡುವೆ ಜಾಗ ಆದರೆ ಅದರಲ್ಲಿ ನೀರಿನ ಆವಿಯೂ ನಡೆದು ಹೋಗುತ್ತದೆ. ಗ್ಲಿಸರಿನ್‌ಗೆ ನೀರು ಎಂದರೆ ಇಷ್ಟ, ಅದು ಆವಿಯನ್ನು ಕರೆದು ದಾಟಿಸುತ್ತದೆ. ಕಸಿಗೆ ಬೇಕಾದದ್ದು ಒಳಗಿನ ಪಸೆ ಉಳಿಯುವುದು. ಸುತ್ತಲಿಕ್ಕೆ ಸುಲಭವಾಗಲಿ ಎಂದು ನಾನು ಹಾಕುವ ಪ್ರತಿ ಹನಿಯೂ ಆ ಪಸೆಗೆ ಹೊರಗೆ ಹೋಗುವ ದಾರಿ ಮಾಡಿಕೊಡುತ್ತದೆ. ಈ ಜಗ್ಗಾಟ ಕೊನೆಯವರೆಗೂ ನನ್ನನ್ನು ಬಿಡಲಿಲ್ಲ.

ಮೆತ್ತಗೆ ಮಾಡುವ ಇನ್ನೊಂದು ವಸ್ತು ಸಾರ್ಬಿಟಾಲನ್ನೂ ನೋಡಿದೆ. ಮಂಗಳೂರಿನ ಕೆಮಿಕಲ್ ಅಂಗಡಿಯಿಂದ ತಂದದ್ದು. ಗ್ಲಿಸರಿನ್‌ಗಿಂತ ದೊಡ್ಡ ಅಣು, ಆರು ಕೈ. ಗಾಳಿಯ ಪಸೆಯನ್ನು ಅಷ್ಟು ಎಳೆದುಕೊಳ್ಳುವುದಿಲ್ಲ. ಹಾಳೆ ಅಂಟಲಿಲ್ಲ, ಗಟ್ಟಿಯೂ ಇತ್ತು. ಆದರೆ ಎರಡು ವಾರದ ನಂತರ ಕಪಾಟು ತೆರೆದರೆ ಮೇಲೆಲ್ಲ ಬಿಳಿ ಹುಡಿ ಹೊಡೆದಿತ್ತು. ಸಾರ್ಬಿಟಾಲ್ ಸಕ್ಕರೆಯ ಹಾಗೆ ಹರಳುಗಟ್ಟಿ ಹೊರಗೆ ಬಂದಿತ್ತು. ಹಾಳೆ ಮತ್ತೆ ಮೊದಲಿನ ಹಾಗೆ ಒಡೆಯುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಮಾರ್ಚಿನಲ್ಲಿ ಶೇ. 30ರ ಪಟ್ಟಿಯನ್ನು ತಮ್ಮನಿಗೆ ಕೊಟ್ಟೆ. ಸುತ್ತಿ ನೋಡಿ, "ಪರವಾಗಿಲ್ಲಕ್ಕ, ಕೈಗೆ ಬಗ್ಗುತ್ತದೆ. ಎಳೆದರೆ ವಾಪಸ್ ಬರುವುದಿಲ್ಲ ಮಾತ್ರ" ಎಂದ. ಅವನ ಬೆರಳು ನನ್ನ ಬಾಟಲಿಗಿಂತ ಚುರುಕು. ಪ್ಲಾಸ್ಟಿಕ್ ಪಟ್ಟಿ ಎಳೆದ ಮೇಲೆ ಮತ್ತೆ ಕುಗ್ಗಿ ಗಿಡವನ್ನು ಬಿಗಿ ಹಿಡಿಯುತ್ತದೆ. ಇದು ಎಳೆದಲ್ಲೇ ನಿಲ್ಲುತ್ತದೆ. ಹಿಗ್ಗುವುದು ಬೇರೆ, ಹಿಂದೆ ಬರುವುದು ಬೇರೆ ಎಂದು ನನಗೆ ಆ ದಿನ ಸರಿಯಾಗಿ ಹೊಳೆಯಿತು. ಗ್ಲಿಸರಿನ್ ಹಿಗ್ಗುವುದನ್ನು ಕೊಡುತ್ತದೆ. ಹಿಂದೆ ಬರಬೇಕಾದರೆ ಸರಪಳಿಗಳು ಅಲ್ಲಲ್ಲಿ ಗಂಟು ಹಾಕಿಕೊಂಡಿರಬೇಕು.

ಜೂನ್ ಬಂತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಮಾರ್ಚಿನಲ್ಲಿ ಸರಿಯಾಗಿದ್ದ ಅದೇ ಹಾಳೆ, ಅದೇ ಕಪಾಟಿನಲ್ಲಿ, ಒಂದಕ್ಕೊಂದು ಅಂಟಿ ಕೂತಿತ್ತು. ಬಿಡಿಸಲು ಹೋದರೆ ಬೆಂದ ದಂಟಿನ ಸಿಪ್ಪೆಯ ಹಾಗೆ ಎಳೆದುಕೊಂಡು ಬರುತ್ತಿತ್ತು. ಅಮ್ಮ ನೋಡಿ, "ಮಳೆಗಾಲದಲ್ಲಿ ಹಪ್ಪಳವೂ ಹಾಗೇ ಅಲ್ವಾ" ಎಂದರು.

ಅಮ್ಮ ಹೇಳಿದ್ದು ಪೂರಾ ಸರಿ. ಕರಿದ ಹಲಸಿನ ಹಪ್ಪಳವನ್ನು ಜುಲೈಯಲ್ಲಿ ತಟ್ಟೆಯಲ್ಲಿ ಸುಮ್ನೆ ಇಟ್ಟರೆ ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಅದಕ್ಕೆ ಯಾರೂ ಗ್ಲಿಸರಿನ್ ಹಾಕಿಲ್ಲ. ಗಾಳಿಯ ನೀರೇ ಒಳಗೆ ಹೋಗಿ ಪಿಷ್ಟದ ಹಿಡಿತ ಬಿಡಿಸಿದೆ. ನೀರಿನ ಅಣುತೂಕ 18, ಗ್ಲಿಸರಿನ್‌ನದು 92, ಸಾರ್ಬಿಟಾಲ್‌ನದು 182. ಒಂದೇ ತೂಕದಲ್ಲಿ ಹೆಚ್ಚು ಅಣುಗಳು ನೀರಿನಲ್ಲೇ. ಇಂಥ ಹಾಳೆಗಳಿಗೆ ನೀರಿಗಿಂತ ದೊಡ್ಡ ಪ್ಲಾಸ್ಟಿಸೈಜರ್ ಇಲ್ಲ. ಗ್ಲಿಸರಿನ್ ತಾನು ಮಾಡುವ ಕೆಲಸ ಅರ್ಧ, ನೀರನ್ನು ಕರೆತಂದು ಮಾಡಿಸುವ ಕೆಲಸ ಅರ್ಧ.

ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವರು ಹಾಳೆಯನ್ನು ಶೇ. 50ರ ಆಸುಪಾಸಿನ ಆರ್ದ್ರತೆಯಲ್ಲಿ ಇಟ್ಟು ಅಳೆದಿರುತ್ತಾರೆ. ಹೋಲಿಸಿ ನೋಡಲು ಒಂದು ನಿಯಮ ಬೇಕು, ಅದು ನ್ಯಾಯವೇ. ಆದರೆ ಬದಿಯಡ್ಕದ ಜುಲೈಯಲ್ಲಿ ಶೇ. 50 ಎಲ್ಲಿಂದ ಬರಬೇಕು? ಅವರ 'ಶೇ. 30 ಗ್ಲಿಸರಿನ್' ನಮ್ಮಲ್ಲಿ ಬೇಸಗೆಗೆ ಸರಿ, ಮಳೆಗಾಲಕ್ಕೆ ಜಾಸ್ತಿ. ಹಾಗಾಗಿ ನಾನೊಂದು ಉಪ್ಪಿನ ಡಬ್ಬ ಮಾಡಿಕೊಂಡೆ. ಮುಚ್ಚಳ ಬಿಗಿಯಾಗಿರುವ ಡಬ್ಬದೊಳಗೆ ಒಂದು ಬಟ್ಟಲು, ಅದರಲ್ಲಿ ನೀರು ಹಾಕಿ ಕಲಸಿದ ಅಡುಗೆ ಉಪ್ಪು, ಕರಗದೆ ಉಳಿಯುವಷ್ಟು. ಆ ಡಬ್ಬದೊಳಗಿನ ಗಾಳಿ ಸುಮಾರು ಶೇ. 75ರ ಆರ್ದ್ರತೆಯಲ್ಲಿ ನಿಲ್ಲುತ್ತದೆ. ಈಗ ಯಾವ ಹಾಳೆಯನ್ನೂ ಎರಡು ದಿನ ಅದರಲ್ಲಿ ಇಡದೆ ನಾನು ಬಾಟಲಿ ಕಟ್ಟುವುದಿಲ್ಲ. ಮನೆಯಲ್ಲಿ ಇಂಥದ್ದು ಮಾಡುವವರಿಗೆ ನಾನು ಹೇಳುವ ಒಂದೇ ಮಾತು, ಮೊದಲು ಉಪ್ಪಿನ ಡಬ್ಬ ಮಾಡಿ.

ಗಿಡಕ್ಕೆ ಸುತ್ತಿದ್ದ ಪಿಷ್ಟದ ಪಟ್ಟಿ ಮಳೆಗೆ ಊದಿ ಲೋಳೆಯಾಗಿ ಜಾರಿತು. ಉಳಿದದ್ದಕ್ಕೆ ಬೂಸ್ಟು ಬಂತು. ಆರು ಕಸಿ ಹಾಳಾಯಿತು. ತಮ್ಮ ಏನೂ ಹೇಳಲಿಲ್ಲ, ನನಗೆ ಬೇಸರವಾಗಿತ್ತು.

ನೀರಿಗೆ ಕರಗದ, ಗಂಟು ಇರುವ ಬಲೆ ಬೇಕಿತ್ತು. ಹಾಗೆ ಆಲ್ಜಿನೇಟಿಗೆ ಬಂದೆ. ಕಂದು ಕಡಲಕಳೆಯಿಂದ ತೆಗೆಯುವ ವಸ್ತು ಇದು. ನಮ್ಮ ದೇಶದಲ್ಲಿ ತಮಿಳುನಾಡಿನ ಮಂಡಪಂ, ರಾಮೇಶ್ವರ ಕಡೆ ಸರ್ಗಾಸಮ್ ಎಂಬ ಕಳೆಯನ್ನು ಇದಕ್ಕಾಗಿ ಸಂಗ್ರಹಿಸುತ್ತಾರೆ. ಸೋಡಿಯಂ ಆಲ್ಜಿನೇಟ್ ನೀರಿನಲ್ಲಿ ಕರಗುತ್ತದೆ. ಅದರ ಹಾಳೆಯನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಅದ್ದಿದರೆ ಕರಗುವುದು ನಿಲ್ಲುತ್ತದೆ. ಎರಡು ಸರಪಳಿಗಳು ಎದುರುಬದುರು ಕೂತು, ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ ಅಯಾನು ಕೂರುತ್ತದೆ. ಮೊಟ್ಟೆ ಟ್ರೇಯಲ್ಲಿ ಮೊಟ್ಟೆ ಇಟ್ಟ ಹಾಗೆ. 1973ರಿಂದ ವಿಜ್ಞಾನಿಗಳು ಇದನ್ನು ಮೊಟ್ಟೆ ಪೆಟ್ಟಿಗೆಯ ಮಾದರಿ ಎಂದೇ ಕರೆಯುತ್ತಾರೆ. ಗಾಯಕ್ಕೆ ಹಾಕುವ ಕೆಲವು ಡ್ರೆಸ್ಸಿಂಗ್‌ಗಳು ಇದರಿಂದಲೇ ಆದದ್ದು. ಗಿಡದ ಗಾಯಕ್ಕೂ ಆದೀತು ಎಂದು ನನ್ನ ಆಸೆ.

2 ಗ್ರಾಂ ಆಲ್ಜಿನೇಟ್, 100 ಮಿ.ಲೀ. ನೀರು, 0.8 ಗ್ರಾಂ ಗ್ಲಿಸರಿನ್. ಒಣಗಿದ ಹಾಳೆ ರೇಷ್ಮೆಯ ಹಾಗಿತ್ತು, ಬೆರಳಿಗೆ ಸುತ್ತಿದರೆ ಸುತ್ತಿಕೊಳ್ಳುತ್ತಿತ್ತು. ಕ್ಯಾಲ್ಸಿಯಂ ನೀರಿಗೆ ಐದು ನಿಮಿಷ ಅದ್ದಿ ತೆಗೆದು ಒಣಗಿಸಿದೆ. ಬೆಳಿಗ್ಗೆ ನೋಡಿದರೆ ಗಡುಸು. ಮಡಿಚಿದ ಕಡೆ ಬಿಳಿ ಗೆರೆ ಬಿದ್ದು ಮುರಿಯಿತು.

ಕ್ಯಾಲ್ಸಿಯಂ ಜಾಸ್ತಿ ಆಯಿತು ಎಂದುಕೊಂಡೆ. ಕಡಿಮೆ ಮಾಡಿದೆ. ಅದ್ದುವ ಹೊತ್ತು ಮೂರು ನಿಮಿಷ ಮಾಡಿದೆ. ಆದರೂ ಹಾಗೇ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಒಂದು ಸಂಜೆ ಹಳೇ ಪುಸ್ತಕದಲ್ಲಿ ಬರೆದಿಟ್ಟ ತೂಕಗಳನ್ನು ನೋಡುತ್ತಾ ಕೂತಿದ್ದೆ. ಅದ್ದುವ ಮೊದಲು ಹಾಳೆ 3.1 ಗ್ರಾಂ. ಅದ್ದಿ ಒಣಗಿಸಿದ ಮೇಲೆ 2.2. ಹೋದದ್ದು 0.9 ಗ್ರಾಂ. ಎರಡು ಸೋಡಿಯಂ ಹೋಗಿ ಒಂದು ಕ್ಯಾಲ್ಸಿಯಂ ಬರುವಾಗ 46ರ ಜಾಗಕ್ಕೆ 40 ಬರುತ್ತದೆ, ಅದರಿಂದ ತೂಕ ಇಷ್ಟು ಇಳಿಯುವುದಿಲ್ಲ. ಮತ್ತೆ ಹೋದದ್ದು ಏನು? ನಾನು ಹಾಕಿದ್ದ 0.8 ಗ್ರಾಂ ಗ್ಲಿಸರಿನ್, ಅದು ಹಿಡಿದುಕೊಂಡಿದ್ದ ಚೂರು ನೀರು. ಹಾಳೆ ಗಟ್ಟಿಯಾಗಲಿ ಎಂದು ಅದ್ದಿದ ನೀರಿಗೇ ಮೆತ್ತಗೆ ಮಾಡುವ ವಸ್ತು ತೊಳೆದು ಹೋಗಿತ್ತು. ಪ್ಲಾಸ್ಟಿಸೈಜರನ್ನು ಸರಪಳಿಗೆ ಯಾರೂ ಹೊಲಿದಿಲ್ಲ. ಅದು ಕೈ ಹಿಡಿದುಕೊಂಡಿರುತ್ತದೆ, ಅಷ್ಟೇ. ನೀರು ಕರೆದರೆ ಹೊರಟುಬಿಡುತ್ತದೆ.

ಪರಿಹಾರ ಸುಲಭ. ಅದ್ದುವ ನೀರಿಗೂ ಗ್ಲಿಸರಿನ್ ಹಾಕುವುದು. 100 ಮಿ.ಲೀ.ಗೆ 10 ಗ್ರಾಂ ಹಾಕಿದೆ. ಒಳಗೂ ಇದೆ, ಹೊರಗೂ ಇದೆ ಎಂದ ಮೇಲೆ ಪೂರಾ ತೊಳೆದು ಹೋಗುವುದಿಲ್ಲ. ಆ ಹಾಳೆ ಒಣಗಿದಾಗ ಮಡಿಚಿದೆ, ಬಿಡಿಸಿದೆ, ಮತ್ತೆ ಮಡಿಚಿದೆ. ಗೆರೆ ಬೀಳಲಿಲ್ಲ. ಬಾಟಲಿಗೆ ಮೂರು ಲೀಟರ್ ಹಾಕಿದರೂ ನಿಂತಿತ್ತು. ಅಡುಗೆಮನೆಯಿಂದ ಅಮ್ಮನನ್ನು ಕರೆದು ತೋರಿಸಿದೆ.

ಜುಲೈ ಕೊನೆಗೆ ತಮ್ಮ 20 ಗಿಡಕ್ಕೆ ನನ್ನ ಪಟ್ಟಿ, 20ಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ. ಎಲ್ಲವನ್ನೂ ನೇರ ಮಳೆ ಬೀಳದ ಕಡೆ, ಮಾಡಿನ ಕೆಳಗೆ ಇಟ್ಟೆವು. ಪ್ಲಾಸ್ಟಿಕ್ಕಿನಲ್ಲಿ 16 ಚಿಗುರಿತು. ನನ್ನದರಲ್ಲಿ 11. ಹೋದ ಒಂಬತ್ತನ್ನು ಬಿಚ್ಚಿ ನೋಡಿದೆವು. ಹೆಚ್ಚಿನವುಗಳಲ್ಲಿ ಪಟ್ಟಿ ಸಡಿಲವಾಗಿ, ಸೀಳಿನ ಬಾಯಿ ಕೂದಲಿನಷ್ಟು ತೆರೆದು ಒಣಗಿತ್ತು. ಪಸೆ ಇರುವ ದಿನ ಹಾಳೆ ಮೆತ್ತಗಾಗಿ ಮೆಲ್ಲ ಜಗ್ಗಿಕೊಂಡಿರಬೇಕು. ಉಳಿದ 11ರ ಕತೆ ಬೇರೆ. ಗಿಡಕ್ಕೆ ದಿನಾ ನೀರು ಚಿಮುಕಿಸುವಾಗ ಗ್ಲಿಸರಿನ್ ಸ್ವಲ್ಪ ಸ್ವಲ್ಪವೇ ತೊಳೆದು ಹೋಯಿತು. ಬಿಸಿಲು ಬಂದ ದಿನಗಳಲ್ಲಿ ಪಟ್ಟಿ ಗಡುಸಾಯಿತು. ಸೆಪ್ಟೆಂಬರಿನಲ್ಲಿ ಕಾಂಡ ಒಳಗಿನಿಂದ ಒತ್ತಿದಾಗ ಒಡೆದು ಉದುರತೊಡಗಿತು. ತಿಂಗಳ ಕೊನೆಗೆ ಒಂಬತ್ತು ಗಿಡದಲ್ಲಿ ಪಟ್ಟಿಯೇ ಇರಲಿಲ್ಲ. ಯಾರೂ ಬಿಚ್ಚಿರಲಿಲ್ಲ. ಕ್ಯಾಲ್ಸಿಯಂ ನೀರಿನಲ್ಲಿ ಎರಡು ವಾರ ನನ್ನನ್ನು ಕಾಡಿದ ಅದೇ ತೊಳೆತ ಗಿಡದ ಮೇಲೆ ನಮಗೆ ಬೇಕಾದ ಕೆಲಸ ಮಾಡಿತ್ತು. ತಮ್ಮ ಒಂದು ಗಿಡ ಎತ್ತಿ ಕೂಡಿದ ಜಾಗದ ಮೇಲೆ ಹೆಬ್ಬೆರಳು ಸವರಿದ. ನುಣುಪಾಗಿತ್ತು, ಗುಳಿ ಇರಲಿಲ್ಲ.

ಹಾಗಾಗಿ ಈ ಸಲದ ಲೆಕ್ಕ ಹೀಗೆ: ಮೊದಲ ಐದು ವಾರ ಗ್ಲಿಸರಿನ್ ಒಳಗೇ ಉಳಿಯಬೇಕು, ಪಸೆಯೂ ಉಳಿಯಬೇಕು, ಆಮೇಲೆ ಹೋದರೆ ಹೋಗಲಿ. ಗ್ಲಿಸರಿನ್ ಶೇ. 40ರಿಂದ 25ಕ್ಕೆ ಇಳಿಸಿದ್ದೇನೆ, ಉಳಿದ ಮೆದು ಮಳೆಗಾಲದ ಗಾಳಿಯೇ ಕೊಡುತ್ತದೆ. ಹೊರಮೈಗೆ ಜೇನುಮೇಣ ಉಜ್ಜುವ ಯೋಚನೆ ತಮ್ಮನದು. ತೋಟದಲ್ಲಿ ಜೇನುಪೆಟ್ಟಿಗೆಗಳಿವೆ, ಮೇಣ ಹೇಗೂ ಇರುತ್ತದೆ. ಮೇಣಕ್ಕೆ ನೀರು ಆಗದು, ಅದು ಆವಿಯನ್ನೂ ತೊಳೆತವನ್ನೂ ತಡೆದೀತು. ಮೇಣ ಹಚ್ಚಿದ ಮೂರು ಪಟ್ಟಿ, ಹಚ್ಚದ ಮೂರು ಪಟ್ಟಿ ಈಗ ಉಪ್ಪಿನ ಡಬ್ಬದಲ್ಲಿವೆ. ನಾಳೆ ಸಂಜೆ ತೆಗೆದು ಬಾಟಲಿ ಕಟ್ಟಬೇಕು. ಜೂನಿಗೆ ಕಸಿ ಕಟ್ಟಲು ಸಸಿ ಬೇಕೆಂದು ತಮ್ಮ ನಿನ್ನೆಯೇ ಬೀಜ ನೆನೆಹಾಕಿದ್ದಾನೆ.